ಮನೆಯೂ ದುಡಿಮೆಯ ಕರಾರೂ

ಮನೆಯಿಲ್ಲದ ಬಡವರಿಗೆ ಮನೆ ಕಟ್ಟಿಕೊಳ್ಳಲು ಸರ್ಕಾರವು ಹಣದ ನೆರವನ್ನು ಕೊಡುವುದು ಎಲ್ಲರಿಗೂ ತಿಳಿದ ವಿಷಯ. ಆ ಹಣವು ಪ್ರಜೆಗಳು ತೆತ್ತ ತೆರಿಗೆಯಿಂದ ಬಂದದ್ದು. ಹೀಗಿರಲು, ಅದನ್ನು ಪಡೆಯತಕ್ಕವನು ಪ್ರತಿಯಾಗಿ ಇಷ್ಟು ದಿನ ದುಡಿಯಬೇಕೆಂದು ಕರಾರು ಹಾಕುವುದು ನ್ಯಾಯವಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪುಕ್ಕಟೆಯಾಗಿ ಕೊಟ್ಟದ್ದು ಮನುಷ್ಯನನ್ನು ಸೋಮಾರಿಯನ್ನಾಗಿ ಮಾಡುತ್ತದೆಂದು ಪಟ್ಟಣದ ವಿದ್ಯಾವಂತರಲ್ಲಿ ಅನೇಕರು ನಂಬಿದ್ದಾರೆ. ಈ ನಂಬಿಕೆಯನ್ನು ಹಗುರಾಗಿ ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಆದರೆ ತೀರ್ಮಾನಕ್ಕೆ ಬರುವ ಮೊದಲು ನಮ್ಮ ಮಲೆನಾಡಿನ ಮೂರು ತಾಲ್ಲೂಕುಗಳಾದ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅನುಭವವನ್ನು ನೋಡುವುದು ಒಳ್ಳೆಯದು. ಏಕೆಂದರೆ ಮನೆಯನ್ನು ದುಡಿಮೆಗೆ ಗಂಟುಹಾಕುವ ಪದ್ಧತಿಯು ಅಲ್ಲಿ ಸರ್ಕಾರದ ಯಾವ ಯೋಜನೆಗಿಂತಲೂ ಹಳೆಯದು.

ಈ ಸೀಮೆಯಲ್ಲಿ ಸೂರಿನ ಬೆಲೆ ಎಷ್ಟೆಂಬುದನ್ನು ಬಯಲುಸೀಮೆಯವರು ಊಹಿಸುವುದು ಕಷ್ಟ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನ ಮಳೆಯೂ ಅದಕ್ಕೆ ಸರಿದೊರೆಯಾದದ್ದು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡುವುದಿಲ್ಲ. ಬಡವನ ಗುಡಿಸಲಿಗೆ ಹುಲ್ಲಿನ ಇಲ್ಲವೆ ಅಡಿಕೆ ಸೋಗೆಯ ಹೊದಿಕೆ. ಅದನ್ನು ವರ್ಷವರ್ಷವೂ ಹೊಸದಾಗಿ ಹೊದಿಸಬೇಕು. ಹೊದಿಸದೆ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಮಣ್ಣಿನ ಗೋಡೆ ಕರಗಿ ನೆಲ ಸೇರುತ್ತದೆ. ಆದಕಾರಣ, ಹೊದಿಸಲು ಹುಲ್ಲನ್ನೂ ಗುಡಿಸಲು ಕಟ್ಟಲು ಜಾಗವನ್ನೂ ಯಾರು ಕೊಡುವರೋ ಅವರ ಮಾತು ಅಲ್ಲಿ ಕಾನೂನಿಗೆ ಸಮನಾಗಿತ್ತು.

ಜಾಗವನ್ನು ಕೊಡುತ್ತಿದ್ದವರು ಸಾಮಾನ್ಯವಾಗಿ ಗದ್ದೆತೋಟಗಳ ಒಡೆಯರು. ಒಡೆಯನ ಮನೆಗೆ ಕೂಗಳತೆಯಲ್ಲಿ ಆಳುಗಳ ಬಿಡಾರಗಳು ಇರುತ್ತಿದ್ದವು. ತಂದೆಯ ತರುವಾಯ ಮಗನೂ ಅದೇ ಮನೆತನಕ್ಕೆ ದುಡಿಯಬೇಕಾಗಿದ್ದವರಿಗೆ ಹುಟ್ಟಾಳುಗಳೆಂದೇ ಹೆಸರಾಗಿತ್ತು. ಮದುವೆಗೆಂದೋ ಕಾಯಿಲೆಗೆಂದೋ ಎತ್ತಿದ ಸಾಲವು ಬೇರೆ ಕೆಲವರನ್ನು ಜೀತಕ್ಕೆ ಕಟ್ಟಿಹಾಕುತ್ತಿತ್ತು. ಇವರಲ್ಲಿ ಯಾರಿಗೂ ಬಿಡಾರವು ಸ್ವಂತದ್ದಲ್ಲ. ದುಡಿಯುವಷ್ಟು ದಿನ ಅದು ಮನೆ. ಕೆಲಸ ಬಿಟ್ಟ ದಿನ ಅದು ಒಡೆಯನ ನೆಲದ ಮೇಲಿನ ನಾಲ್ಕು ಗೂಟ. ಒಡೆಯರೆಲ್ಲರೂ ಕ್ರೂರಿಗಳಾಗಿದ್ದರೆಂದು ನಾವು ಹೇಳುವುದಿಲ್ಲ. ಹಬ್ಬಕ್ಕೆ ಬಟ್ಟೆಯನ್ನೂ ಬಾಣಂತಿಗೆ ಅಕ್ಕಿಯನ್ನೂ ಕೊಟ್ಟು ಆಳುಗಳನ್ನು ಕಾಪಾಡಿದ ಮನೆತನಗಳೂ ಉಂಟು. ಆದರೆ ದಯೆಯುಳ್ಳ ಒಡೆಯನ ಕೈಕೆಳಗೂ ಆಳಿಗೆ ಒಂದು ಮಾತನ್ನು ಆಡುವ ಶಕ್ತಿಯಿರಲಿಲ್ಲ. 'ಈ ಕೂಲಿಗೆ ನಾನು ಬರುವುದಿಲ್ಲ' ಎಂಬುದೇ ಆ ಮಾತು.

ಪಟ್ಟಣದವರಿಗೆ ಈ ವ್ಯವಸ್ಥೆ ತೀರ ಅಪರಿಚಿತವೇನೂ ಅಲ್ಲ. ದೊಡ್ಡ ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ ಸಂಸಾರ ಹೂಡಿರುವ ಮನೆಗೆಲಸದವಳ ಸ್ಥಿತಿಯೂ, ಕಟ್ಟಡದ ಮೂಲೆಯ ಕೋಣೆಯಲ್ಲಿ ಮಲಗುವ ಕಾವಲುಗಾರನ ಸ್ಥಿತಿಯೂ ಇದಕ್ಕೆ ಹತ್ತಿರವಾದದ್ದೇ. ಸರ್ಕಾರಿ ನೌಕರನು ಸಹ ವಸತಿಗೃಹವನ್ನು ನಿವೃತ್ತಿಯಾದಾಗ ಬಿಟ್ಟುಕೊಡುತ್ತಾನಲ್ಲವೇ ಎನ್ನಬಹುದು. ನಿಜ; ಆದರೆ ಅವನಿಗೆ ಸಂಬಳವೂ, ಮುಂಗಡವಾಗಿ ತಿಳಿದಿರುವ ಅವಧಿಯೂ, ಕೊನೆಗೆ ಕೈಗೆ ಬರುವ ಹಣವೂ ಉಂಟು. ಹುಟ್ಟಾಳಿಗೆ ಈ ಮೂರೂ ಇರಲಿಲ್ಲ.

ಆಳಿನಂತೆ ಗೇಣಿಯ ಒಕ್ಕಲಿಗೂ ನೆಲದ ಮೇಲೆ ಸ್ಥಿರವಾದ ಹಕ್ಕಿರಲಿಲ್ಲ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಸತ್ಯಾಗ್ರಹವನ್ನು ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ ಮೊದಲಾದ ವ್ಯಾಜ್ಯವು ಉಳುವವನಿಗೆ ನೆಲದಲ್ಲಿ ಹಕ್ಕುಂಟೇ ಎಂಬ ಪ್ರಶ್ನೆಯವರೆಗೆ ಬೆಳೆಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಒಗ್ಗೂಡಿಸಿದರು. ತೀರ್ಥಹಳ್ಳಿ ತಾಲ್ಲೂಕಿನಿಂದ ಬಂದ ಶಾಂತವೇರಿ ಗೋಪಾಲಗೌಡರು ಹೋರಾಟಕ್ಕೆ ಬೆಂಬಲವಾಗಿ ನಿಂತರು. ಡಾಕ್ಟರ್ ರಾಮಮನೋಹರ ಲೋಹಿಯಾರವರು ಬಂದು ಬಂಧನಕ್ಕೆ ಒಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಆರಿಸಿ ಬಂದರು.

ತರುವಾಯ ಬಂದ ಕಾನೂನುಗಳು ಮನೆಗೂ ದುಡಿಮೆಗೂ ಇದ್ದ ಗಂಟನ್ನು ಒಂದೊಂದಾಗಿ ಬಿಚ್ಚುತ್ತ ಹೋದವು. ೧೯೬೧ರ ಭೂಸುಧಾರಣಾ ಕಾಯ್ದೆಗೆ ಮಾಡಿದ ತಿದ್ದುಪಡಿಯು ೧೯೭೪ರ ಮಾರ್ಚಿ ೧ರಿಂದ ಜಾರಿಗೆ ಬಂದು, ಗೇಣಿದಾರನಿಗೆ ತಾನು ಉಳುತ್ತಿದ್ದ ನೆಲವನ್ನು ಕೊಡುವ ದಾರಿಯನ್ನು ತೆರೆಯಿತು. ಅದೇ ಕಾಯ್ದೆಯ ೩೮ನೆಯ ವಿಧಿಯು ಪರರ ನೆಲದಲ್ಲಿ ವಾಸವಾಗಿರುವ ವ್ಯವಸಾಯದ ಕೂಲಿಗಾರನಿಗೆ ಅವನ ವಾಸದ ಮನೆಯನ್ನೂ ಅದರ ನಿವೇಶನವನ್ನೂ ಸ್ವಂತ ಮಾಡಿಕೊಡುವುದಕ್ಕಾಗಿಯೇ ಇದೆ. ೧೯೭೫ರ ಅಕ್ಟೋಬರಿನಲ್ಲಿ ಜೀತ ಪದ್ಧತಿ ರದ್ದಾಯಿತು. ೧೯೭೬ರ ಕಾಯ್ದೆಯ ೮ನೆಯ ವಿಧಿಯು, ಜೀತಕ್ಕೆ ಪ್ರತಿಫಲವಾಗಿ ಕೊಟ್ಟಿದ್ದ ಮನೆಯಿಂದ ಬಿಡುಗಡೆ ಹೊಂದಿದವನನ್ನು ಎಬ್ಬಿಸತಕ್ಕದ್ದಲ್ಲವೆಂದು ಸ್ಪಷ್ಟವಾಗಿ ವಿಧಿಸಿತು. ಆಳನ್ನು ಬಿಡಿಸಿ ಬಿಡಾರವನ್ನು ಕಿತ್ತುಕೊಂಡರೆ ಅವನು ಮರುದಿನವೇ ಒಡೆಯನ ಬಾಗಿಲಿಗೆ ಮರಳಬೇಕಾದೀತೆಂಬುದನ್ನು ಶಾಸನಕರ್ತರು ಅರಿತಿದ್ದರೆಂದು ಇದರಿಂದ ತಿಳಿಯುತ್ತದೆ. ೨೦೧೭ರಲ್ಲಿ ಭೂಸುಧಾರಣಾ ಕಾಯ್ದೆಗೆ ೩೮ಎ ಎಂಬ ವಿಧಿಯನ್ನು ಸೇರಿಸಲಾಯಿತು. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳ ನಿವಾಸಿಗಳಿಗೆ ತಾವು ವಾಸಿಸುವ ಜಾಗದ ಒಡೆತನವನ್ನು ಕೊಡುವುದು ಅದರ ಉದ್ದೇಶ. ಆ ಕಾಲದಲ್ಲಿ ಕಂದಾಯ ಮಂತ್ರಿಗಳಾಗಿದ್ದವರು ಕಾಗೋಡಿನವರೇ ಆದ ತಿಮ್ಮಪ್ಪನವರು.

ನಿವೇಶನವೇನೋ ಕೈಗೆ ಬಂತೆನ್ನೋಣ. ಇನ್ನು ಅದರ ಮೇಲೆ ಮನೆ ಏಳಬೇಕಷ್ಟೆ. ಇಲ್ಲಿಯೇ ಸರ್ಕಾರದ ನೆರವೂ ಅದರೊಡನೆ ದುಡಿಮೆಯ ಪ್ರಶ್ನೆಯೂ ಬರುತ್ತವೆ. ಕೇಂದ್ರ ಸರ್ಕಾರದ ಇಂದಿರಾ ಆವಾಸ ಯೋಜನೆಯು ೧೯೮೫ರಲ್ಲಿ ಗ್ರಾಮೀಣ ಉದ್ಯೋಗ ಕಾರ್ಯಕ್ರಮದ ಒಂದು ಅಂಗವಾಗಿ ಹುಟ್ಟಿತೆಂಬುದು ಗಮನಿಸತಕ್ಕ ಸಂಗತಿ: ಮನೆ ಕಟ್ಟುವುದನ್ನೇ ಕೂಲಿ ಸಿಕ್ಕುವ ಕೆಲಸವೆಂದು ಅಲ್ಲಿ ಎಣಿಸಲಾಗಿತ್ತು. ೨೦೧೬ರಲ್ಲಿ ಅದರ ಸ್ಥಾನಕ್ಕೆ ಬಂದ ಪ್ರಧಾನಮಂತ್ರಿ ಆವಾಸ ಯೋಜನೆಯ ಗ್ರಾಮೀಣ ವಿಭಾಗವು ಬಯಲು ಪ್ರದೇಶಕ್ಕೆ ೧,೨೦,೦೦೦ ರೂಪಾಯಿಗಳನ್ನೂ ಗುಡ್ಡಗಾಡು ರಾಜ್ಯಗಳಿಗೆ ೧,೩೦,೦೦೦ ರೂಪಾಯಿಗಳನ್ನೂ ಗೊತ್ತುಮಾಡಿತು. ಮನೆಯ ವಿಸ್ತಾರವು ಅಡಿಗೆಯ ಜಾಗವೂ ಸೇರಿ ೨೫ ಚದರ ಮೀಟರಿಗೆ ಕಡಮೆಯಾಗಬಾರದು. ಗುತ್ತಿಗೆದಾರನನ್ನು ನಡುವೆ ತರಕೂಡದು; ಫಲಾನುಭವಿಯೇ ನಿಂತು ಕಟ್ಟಿಸತಕ್ಕದ್ದು. ಹಾಗೆ ಕಟ್ಟುವ ಶ್ರಮಕ್ಕಾಗಿ, ೨೦೦೫ರ ಉದ್ಯೋಗ ಖಾತರಿ ಕಾಯ್ದೆಯ ಮೇರೆಗೆ, ಬಯಲು ಪ್ರದೇಶದಲ್ಲಿ ೯೦ ದಿನಗಳ, ಗುಡ್ಡಗಾಡಿನಲ್ಲಿ ೯೫ ದಿನಗಳ ಕೂಲಿಯನ್ನು ಬೇರೆಯಾಗಿ ಕೊಡುವ ಏರ್ಪಾಡಾಯಿತು.

ಈ ಕೊನೆಯ ಏರ್ಪಾಡಿನ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಒಡೆಯನ ಬಿಡಾರದಲ್ಲಿದ್ದವನು ಮನೆಗಾಗಿ ದುಡಿಯುತ್ತಿದ್ದನು. ಇಲ್ಲಿಯೂ ಮನೆಗಾಗಿಯೇ ದುಡಿಯುತ್ತಾನೆ. ಮೇಲುನೋಟಕ್ಕೆ ಎರಡೂ ಒಂದೇ. ಆದರೆ ಮೊದಲನೆಯ ದುಡಿಮೆಗೆ ಕೊನೆಯೆಂಬುದಿಲ್ಲ. ಅದು ನಿಂತರೆ ಮನೆ ಹೋಗುತ್ತದೆ. ಎರಡನೆಯ ದುಡಿಮೆ ಹಂಚು ಹೊದಿಸಿದ ದಿನ ಮುಗಿಯುತ್ತದೆ. ಆಮೇಲೆ ಮನೆ ಉಳಿಯುತ್ತದೆ. ಮೊದಲನೆಯದರಲ್ಲಿ ಮನೆಯೇ ಕೂಲಿ, ಎರಡನೆಯದರಲ್ಲಿ ಕೂಲಿಯೂ ಬರುತ್ತದೆ, ಮನೆಯೂ ಆಗುತ್ತದೆ. ಮಲೆನಾಡಿಗೆ ಈ ಎರಡನೆಯ ಬಗೆಯೂ ಹೊಸದಲ್ಲ. ಒಬ್ಬನ ಮನೆಗೆ ಹುಲ್ಲು ಹೊದಿಸುವ ದಿನ ನೆರೆಯವರೆಲ್ಲರೂ ಬಂದು ದುಡಿದು, ಅವರ ಮನೆಯ ಸರದಿಗೆ ಇವನು ಹೋಗಿ ದುಡಿಯುವ ಮುಯ್ಯಾಳಿನ ಪದ್ಧತಿಯನ್ನು ಅಲ್ಲಿಯವರು ಚೆನ್ನಾಗಿ ಬಲ್ಲರು.

ಇಷ್ಟಾದರೂ ಕಾಗದದ ಮೇಲಿನ ನಿಯಮವು ಗದ್ದೆಯ ಬದುವಿನ ಮೇಲೆ ಹೇಗೆ ನಡೆಯುತ್ತದೆಂಬುದನ್ನು ನೋಡಬೇಕು. ಹೊಸನಗರದ ಕಡೆಯ ಒಂದು ಕೂಲಿಯ ಸಂಸಾರವನ್ನು ಊಹಿಸಿಕೊಳ್ಳೋಣ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಾಟಿಯ ಕೆಲಸ. ಮಳೆ ಕಳೆದ ಮೇಲೆ ಭತ್ತದ ಕೊಯ್ಲು, ಅಡಿಕೆಯ ಕೊಯ್ಲು, ಸುಲಿತ. ಈ ಕೂಲಿಯೇ ವರ್ಷದ ಅನ್ನ. ಮನೆ ಕಟ್ಟಲು ಅನುಕೂಲವಾದ ಕಾಲವೂ ಮಳೆ ನಿಂತ ಈ ತಿಂಗಳುಗಳೇ. ಹೆಚ್ಚು ಕೂಲಿ ದೊರಕುವ ದಿನಗಳಲ್ಲಿಯೇ ಅವನು ತನ್ನ ಅಡಿಪಾಯವನ್ನು ತೋಡಬೇಕು, ಜಂಬಿಟ್ಟಿಗೆ ಕಲ್ಲನ್ನು ಹೊರಬೇಕು. ನೆರವಿನ ಹಣವು ಕಟ್ಟಡ ಮೇಲೇಳುತ್ತ ಹೋದಂತೆ ಕಂತುಕಂತಾಗಿ ಬರುತ್ತದೆ. ದಿನಗೂಲಿಯ ಹಣವು ತಡವಾಗುವುದೂ ಉಂಟು. ಹಳೆಯ ಗುಡಿಸಲನ್ನು ಕಿತ್ತು ಅದೇ ಜಾಗದಲ್ಲಿ ಗೋಡೆ ಎಬ್ಬಿಸಿದವನಿಗೆ, ಮೇ ತಿಂಗಳ ಕೊನೆಯೊಳಗೆ ಮಾಡು ಏರದಿದ್ದರೆ, ಮುಂದಿನ ನಾಲ್ಕು ತಿಂಗಳು ಎಲ್ಲಿ? ಮಳೆಯ ವಿಷಯದಲ್ಲಿ ಆಗುಂಬೆಯು ಯಾವ ಗುಡ್ಡಗಾಡಿಗೂ ಕಡಮೆಯಲ್ಲ. ಆದರೆ ಕರ್ನಾಟಕವು ಗುಡ್ಡಗಾಡು ರಾಜ್ಯಗಳ ಸಾಲಿನಲ್ಲಿ ಸೇರಿಲ್ಲ. ಆದಕಾರಣ ದುಡಿಮೆಯ ಕರಾರನ್ನು ಹಾಕುವವರು ಮೊದಲು ಆ ಸೀಮೆಯ ಪಂಚಾಂಗವನ್ನು ನೋಡಬೇಕು.

ಎರಡನೆಯ ತೊಡಕು ದುಡಿಯಲಾರದವರದು. ಗಂಡನನ್ನು ಕಳೆದುಕೊಂಡ ಮುದುಕಿ, ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದ ಕೊನೆಗಾರ, ಇವರು ಕಲ್ಲು ಹೊರುವುದೆಂತು? ಮನೆಯ ಅವಶ್ಯಕತೆ ಎಲ್ಲರಿಗಿಂತ ಇವರಿಗೇ ಹೆಚ್ಚು. ಕರಾರನ್ನು ಪೂರೈಸುವ ಶಕ್ತಿ ಎಲ್ಲರಿಗಿಂತ ಇವರಿಗೇ ಕಡಮೆ. ವೃದ್ಧರ, ಅಶಕ್ತರ, ಅಂಗವಿಕಲರ ಮನೆಗಳನ್ನು ಗಾರೆಕೆಲಸ ಕಲಿಯುವವರ ತರಬೇತಿಯ ಕೆಲಸವಾಗಿ ಎತ್ತಿಕೊಳ್ಳಬೇಕೆಂದು ೨೦೧೬ರ ನಿಯಮಗಳು ಸೂಚಿಸಿದವು. ಇದು ವಿವೇಕದ ಮಾತು. ಒಬ್ಬರಿಗೆ ಮನೆಯಾಗುತ್ತದೆ, ಇನ್ನೊಬ್ಬರಿಗೆ ಕಸುಬು ಬರುತ್ತದೆ.

ದೂರದ ಅಮೆರಿಕಾ ದೇಶದಲ್ಲಿ ಕರಾರು ಬೇರೆಯ ರೂಪವನ್ನು ತಾಳಿತು. ಅಲ್ಲಿ ಸರ್ಕಾರವು ಬಡವನಿಗೆ ಮನೆಯನ್ನು ಕಟ್ಟಿಸಿ ಒಡೆತನ ಕೊಡುವುದಕ್ಕಿಂತ ಕಡಮೆ ಬಾಡಿಗೆಗೆ ಕೊಡುವುದೇ ಹೆಚ್ಚು. ೧೯೯೮ರ ಒಂದು ಕಾಯ್ದೆಯು, ಇಂಥ ಮನೆಗಳಲ್ಲಿರುವ ಉದ್ಯೋಗವಿಲ್ಲದ ವಯಸ್ಕರು ತಿಂಗಳಿಗೆ ೮ ಗಂಟೆ ಸಮುದಾಯ ಸೇವೆಯನ್ನು ಮಾಡಬೇಕು, ಇಲ್ಲವೆ ಸ್ವಾವಲಂಬನೆಯ ಶಿಕ್ಷಣವನ್ನು ಪಡೆಯಬೇಕೆಂದು ವಿಧಿಸಿತು. ೬೨ ವರ್ಷ ತುಂಬಿದವರಿಗೂ ಅಂಗವಿಕಲತೆಯ ಕಾರಣ ದುಡಿಯಲಾರದವರಿಗೂ ವಿನಾಯಿತಿಯಿತ್ತು. ತಪ್ಪಿದವರ ಬಾಡಿಗೆಯ ಕರಾರನ್ನು ವರ್ಷದ ಕೊನೆಯಲ್ಲಿ ಮುಂದುವರಿಸಲಾಗದು. ಎಂಟು ಗಂಟೆ ಹೆಚ್ಚಲ್ಲ, ನಿಜ. ಆದರೆ ಒಬ್ಬನು ತಪ್ಪಿದರೆ ಸೂರು ಹೋಗುವುದು ಇಡೀ ಸಂಸಾರಕ್ಕೆ. ದಂಡವು ತಪ್ಪಿಗೆ ಸಮನಾಗಿರಬೇಕೆಂಬ ಸಾಮಾನ್ಯ ನ್ಯಾಯವನ್ನು ಇದು ಮೀರುತ್ತದೆಯೆಂದೇ ನಮ್ಮ ಅಭಿಪ್ರಾಯ. ಮನೆ ಕಳೆದುಕೊಂಡವನು ಕೆಲಸ ಹುಡುಕಲು ಹೆಚ್ಚು ಶಕ್ತನಾಗುವುದಿಲ್ಲ; ಒಣಗಿದ ಬಟ್ಟೆ, ರಾತ್ರಿಯ ನಿದ್ರೆ, ಕಾಗದ ಬರುವುದಕ್ಕೆ ಒಂದು ವಿಳಾಸ, ಇವೆಲ್ಲ ದುಡಿಮೆಗೆ ಮುಂಚೆ ಬೇಕಾದವು.

ಇನ್ನು ತೋಟದ ಒಡೆಯರ ದೂರು ಒಂದುಂಟು. ಆಳುಗಳಿಗೆ ಸ್ವಂತ ಮನೆಯಾದ ಮೇಲೆ ಕೊಯ್ಲಿನ ಕಾಲಕ್ಕೆ ಜನ ಸಿಕ್ಕುವುದಿಲ್ಲ, ಕೂಲಿ ಏರಿತು ಎಂದು ಅವರು ಹೇಳುತ್ತಾರೆ. ಎರಡು ಎಕರೆ ತೋಟವನ್ನು ನಂಬಿದ ಸಣ್ಣ ಹಿಡುವಳಿದಾರನಿಗೆ ಇದು ನಿಜವಾದ ಕಷ್ಟವೇ; ನಗುವ ವಿಷಯವಲ್ಲ. ಆದರೆ ಈ ದೂರಿನ ಅರ್ಥವೇನೆಂಬುದನ್ನು ಯೋಚಿಸಬೇಕು. ಜನರು ದುಡಿಯುವುದನ್ನು ಬಿಟ್ಟರೆಂದಲ್ಲ. ಎಲ್ಲಿ, ಯಾರಲ್ಲಿ, ಎಷ್ಟು ಕೂಲಿಗೆ ದುಡಿಯಬೇಕೆಂಬುದನ್ನು ತಾವೇ ಗೊತ್ತುಮಾಡುವಂತಾದರೆಂಬುದೇ ಅದರ ಅರ್ಥ. ಹಿಂದೆ ಆಡಲಾಗದಿದ್ದ ಒಂದು ಮಾತನ್ನು ಈಗ ಆಡಬಲ್ಲರು.

ಇದರಿಂದ ನಮಗೆ ತೋರುವುದಿಷ್ಟು. ಸಾರ್ವಜನಿಕರ ಹಣವನ್ನು ಪಡೆದವನು ಅದರಿಂದ ಮನೆಯನ್ನೇ ಕಟ್ಟಲಿ, ಶಕ್ತಿಯುಳ್ಳವನು ತನ್ನ ಕೈಯ ದುಡಿಮೆಯನ್ನೂ ಸೇರಿಸಲಿ, ಆ ದುಡಿಮೆಗೆ ಸಕಾಲದಲ್ಲಿ ಕೂಲಿಯೂ ಸಲ್ಲಲಿ ಎಂಬ ಕರಾರು ನ್ಯಾಯವಾದದ್ದು. ಆದರೆ ಮನೆಯಾದ ಮೇಲೂ ಅದನ್ನು ಒತ್ತೆಯಾಗಿ ಹಿಡಿದು, ದುಡಿದರೆ ಮಾತ್ರ ಸೂರೆಂದು ಹೇಳುವ ಕರಾರು ಬೇರೆ ಜಾತಿಯದು. ಅದನ್ನು ಹೇಳುವವನು ಒಡೆಯನಾದರೂ ಸರಿ, ಸರ್ಕಾರವಾದರೂ ಸರಿ, ಬಿಡಾರದಲ್ಲಿರುವವನಿಗೆ ವ್ಯತ್ಯಾಸವಿಲ್ಲ. ಇನ್ನು ಮುಂದೆ ಯಾವುದಾದರೊಂದು ವಸತಿ ಯೋಜನೆಯ ಕರಾರನ್ನು ಕುರಿತು ಓದಿದಾಗ, ಈ ದುಡಿಮೆ ಎಂದಿಗೆ ಮುಗಿಯುತ್ತದೆ, ಮುಗಿದ ಮೇಲೆ ಮನೆಯ ಬೀಗದ ಕೈ ಯಾರಲ್ಲಿರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ನೋಡಬೇಕು. ಉತ್ತರವು ಸರಿಯಾಗಿದ್ದರೆ ಕರಾರನ್ನು ಒಪ್ಪಲು ನಮಗೆ ಅಡ್ಡಿಯಿಲ್ಲ.