ಕಾವಲಿಗೆ ಒಪ್ಪಿಸಿದ ಆಸ್ತಿ

ಕೆನಡಾ ದೇಶದ ಪಶ್ಚಿಮದಂಚಿನಲ್ಲಿ, ಪೆಸಿಫಿಕ್ ಸಾಗರದ ದಡದಲ್ಲಿ, ಬ್ರಿಟಿಷ್ ಕೊಲಂಬಿಯಾ ಎಂಬ ಪ್ರಾಂತವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಜಪಾನಿನ ಅನೇಕರು ಬಂದು ಅಲ್ಲಿ ನೆಲೆಸಿದರು. ಫ್ರೇಸರ್ ನದಿಯು ಕಡಲನ್ನು ಸೇರುವೆಡೆಯ ಸ್ಟೀವ್‌ಸ್ಟನ್ನಿನಲ್ಲಿ ಅವರು ದೋಣಿಗಳನ್ನು ಕಟ್ಟಿ ಸಾಮನ್ ಮೀನು ಹಿಡಿದರು. ನದಿಯ ಕಣಿವೆಯಲ್ಲಿ ಕಾಡು ಕಡಿದು ಸ್ಟ್ರಾಬೆರಿ ಬೆಳೆದರು. ವ್ಯಾಂಕೂವರ್ ನಗರದ ಪೊವೆಲ್ ಬೀದಿಯಲ್ಲಿ ಅಂಗಡಿಗಳನ್ನು ತೆರೆದರು. ಆದರೂ ಆ ಪ್ರಾಂತದಲ್ಲಿ ಅವರಿಗೆ ಮತದಾನದ ಹಕ್ಕಿರಲಿಲ್ಲ. ಅಲ್ಲಿ ನೆಲೆಸಿದ್ದ ಭಾರತೀಯರಿಗೂ 1947ರವರೆಗೆ ಆ ಹಕ್ಕು ಇರಲಿಲ್ಲವೆಂಬುದು ನಾವು ನೆನೆಯತಕ್ಕ ಮಾತು.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಕೆಲವೇ ದಿನಗಳಲ್ಲಿ ಕೆನಡಾ ಸರಕಾರವು ಇವರ ಸುಮಾರು 1,200 ದೋಣಿಗಳನ್ನು ವಶಪಡಿಸಿಕೊಂಡಿತು. ಸೇನೆಯ ಹಾಗೂ ಪೊಲೀಸಿನ ಕೆಲವು ಹಿರಿಯ ಅಧಿಕಾರಿಗಳೇ ಇವರಿಂದ ಅಪಾಯವಿಲ್ಲವೆಂದು ಹೇಳಿದ್ದರೂ, ಕರಾವಳಿಯಿಂದ 100 ಮೈಲಿಯೊಳಗಿದ್ದ ಜಪಾನೀ ಮೂಲದವರೆಲ್ಲರೂ ಹೊರಡಬೇಕೆಂದು 1942ರಲ್ಲಿ ಆಜ್ಞೆಯಾಯಿತು. ಹೀಗೆ ಮನೆ ಬಿಟ್ಟವರು ಸುಮಾರು 22,000 ಮಂದಿ. ಅವರಲ್ಲಿ ಬಹುಪಾಲು ಜನ ಕೆನಡಾದಲ್ಲಿಯೇ ಹುಟ್ಟಿದವರು. ಅನೇಕರನ್ನು ಮೊದಲು ವ್ಯಾಂಕೂವರಿನ ಹೇಸ್ಟಿಂಗ್ಸ್ ಪಾರ್ಕಿನಲ್ಲಿ, ಜಾನುವಾರುಗಳಿಗಾಗಿ ಕಟ್ಟಿದ್ದ ಕೊಟ್ಟಿಗೆಗಳಲ್ಲಿ ಇರಿಸಲಾಯಿತು.

ಬಿಟ್ಟುಬಂದ ಮನೆ, ಹೊಲ, ಪಾತ್ರೆಪಡಗಗಳ ಗತಿಯೇನು? ಅವೆಲ್ಲವೂ ‘ಶತ್ರು ಆಸ್ತಿಯ ಪಾಲಕ’ನೆಂಬ ಸರಕಾರಿ ಅಧಿಕಾರಿಯ ವಶಕ್ಕೆ ಹೋದವು. ಇದು ರಕ್ಷಣೆಗಾಗಿ ಮಾತ್ರವೆಂದು ಆಜ್ಞೆಯೇ ಸಾರಿತ್ತು. ಜನರು ಅದನ್ನು ನಂಬಿ, ಸಾಮಾನುಗಳನ್ನು ಒಂದು ಕೋಣೆಯಲ್ಲಿ ಪೇರಿಸಿ ಬೀಗವಿಕ್ಕಿ ಹೊರಟರು. ನಂಬಿ ಒಪ್ಪಿಸಿದ ವಸ್ತುವನ್ನು ನಮ್ಮ ಧರ್ಮಶಾಸ್ತ್ರಕಾರರು ‘ನಿಕ್ಷೇಪ’ವೆಂದು ಕರೆದು, ಅದನ್ನು ಹಿಂದಿರುಗಿಸದವನನ್ನು ದಂಡಾರ್ಹನೆಂದಿದ್ದಾರೆ. ಆದರೆ ಇಲ್ಲಿ ದಂಡಿಸಬೇಕಾದ ಪ್ರಭುತ್ವವೇ ನಿಕ್ಷೇಪವನ್ನು ಮಾರಿತು. 1943ರ ಜನವರಿ 19ರ ಆಜ್ಞೆಯು ಒಡೆಯರ ಒಪ್ಪಿಗೆಯಿಲ್ಲದೆಯೇ ಎಲ್ಲವನ್ನೂ ಮಾರಲು ಪಾಲಕನಿಗೆ ಅಧಿಕಾರವಿತ್ತಿತು. 700ಕ್ಕೂ ಹೆಚ್ಚು ತೋಟಗಳು, ಯುದ್ಧದಿಂದ ಮರಳುವ ಸೈನಿಕರಿಗೆ ಹಂಚುವುದಕ್ಕಾಗಿ, ಅಗ್ಗದ ಬೆಲೆಗೆ ಹೋದವು. ಭೂಮಿ ಕಳೆದುಕೊಂಡವರಲ್ಲಿ ಮೊದಲ ಮಹಾಯುದ್ಧದಲ್ಲಿ ಕೆನಡಾಕ್ಕಾಗಿ ಹೋರಾಡಿದ ಸೈನಿಕರೂ ಇದ್ದರು! ಹರಾಜಿನ ಖರ್ಚು, ದಳ್ಳಾಳಿಯ ರುಸುಮು ಕಳೆದು ಮಿಕ್ಕ ಹಣದಿಂದಲೇ ಒಡೆಯರು ನಿರ್ಬಂಧದ ದಿನಗಳಲ್ಲಿ ಹೊಟ್ಟೆ ಹೊರೆಯಬೇಕಾಯಿತು.

ಒಡೆಯರು ಸುಮ್ಮನಿರಲಿಲ್ಲ. ಮಾರಬೇಡಿರೆಂದು ಪಾಲಕನಿಗೆ ಪತ್ರಗಳನ್ನು ಬರೆದರು. ಮೂವರು ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು. 1944ರಲ್ಲಿ ವಿಚಾರಣೆ ನಡೆದ ಆ ಮೊಕದ್ದಮೆಯ ತೀರ್ಪು ಹೊರಬಿದ್ದುದು 1947ರಲ್ಲಿ. ಪಾಲಕನು ಕಾನೂನಿನ ದೃಷ್ಟಿಯಲ್ಲಿ ಸರಕಾರದ ಸೇವಕನಲ್ಲವೆಂದು ಹೇಳಿ ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು. ಅಷ್ಟರಲ್ಲಿ ಆಸ್ತಿಯೆಲ್ಲವೂ ಬಹುಮಟ್ಟಿಗೆ ಮಾರಾಟವಾಗಿತ್ತು.

ಯುದ್ಧ ಮುಗಿದು ಸುಮಾರು ನಾಲ್ಕು ವರ್ಷಗಳಾದ ಮೇಲೆ, 1949ರ ಏಪ್ರಿಲ್ 1ರಂದು, ಇವರಿಗೆ ಕರಾವಳಿಗೆ ಮರಳುವ ಸ್ವಾತಂತ್ರ್ಯ ದೊರೆಯಿತು. ಮರಳಲು ಮನೆಗಳಿರಲಿಲ್ಲ. 1988ರ ಸೆಪ್ಟೆಂಬರ್ 22ರಂದು ಪ್ರಧಾನಿ ಬ್ರಯನ್ ಮಲ್ರೋನಿಯವರು ಸಂಸತ್ತಿನಲ್ಲಿ ಕ್ಷಮೆ ಕೋರಿ, ಬದುಕುಳಿದಿದ್ದ ಪ್ರತಿಯೊಬ್ಬರಿಗೂ 21,000 ಡಾಲರುಗಳ ಪರಿಹಾರವನ್ನು ಘೋಷಿಸಿದರು. ಆ ವೇಳೆಗೆ, ಕಾಡು ಕಡಿದು ತೋಟ ಮಾಡಿದ ಮೊದಲ ತಲೆಮಾರಿನ ಅನೇಕರು ತೀರಿಕೊಂಡಿದ್ದರು.