ಒಂಟಾರಿಯೊದ ಎಂಟು ಲಾ ಸ್ಕೂಲ್: ತಪ್ಪು ಕಲ್ಪನೆ ಮತ್ತು ಸತ್ಯ

ಕ್ಲೈನ್‌ಬರ್ಗ್‌ನ ಕನ್ನಡ ಮನೆಯೊಂದರಲ್ಲಿ ಮಗಳೋ ಮಗನೋ "ನಾನು ಲಾಯರ್ ಆಗ್ತೀನಿ" ಎಂದರೆ ಸಾಕು, ನೆಂಟರು ಸ್ನೇಹಿತರೆಲ್ಲ ಸಲಹೆ ಕೊಡಲು ಶುರು ಮಾಡುತ್ತಾರೆ. ಅದರಲ್ಲಿ ಅರ್ಧ ಕರ್ನಾಟಕದ ಅನುಭವ, ಇನ್ನರ್ಧ ಅಮೆರಿಕದಿಂದ ಕೇಳಿದ್ದು. ಒಂಟಾರಿಯೊದ ಪದ್ಧತಿ ಎರಡಕ್ಕಿಂತಲೂ ಬೇರೆ. ಇಲ್ಲಿ ಎಂಟು ಲಾ ಸ್ಕೂಲ್‌ಗಳಿವೆ: ಟೊರೊಂಟೊ, ಯಾರ್ಕ್ ವಿಶ್ವವಿದ್ಯಾಲಯದ ಆಸ್ಗುಡ್ ಹಾಲ್, ಟೊರೊಂಟೊ ಮೆಟ್ರೊಪಾಲಿಟನ್‌ನ ಲಿಂಕನ್ ಅಲೆಕ್ಸಾಂಡರ್, ಕಿಂಗ್‌ಸ್ಟನ್‌ನ ಕ್ವೀನ್ಸ್, ಲಂಡನ್ ಊರಿನ ವೆಸ್ಟರ್ನ್, ವಿಂಡ್ಸರ್, ಒಟ್ಟಾವ ಮತ್ತು ಥಂಡರ್ ಬೇ ಊರಿನ ಲೇಕ್‌ಹೆಡ್. ಇವುಗಳ ಬಗ್ಗೆ ಹರಡಿರುವ ಐದು ತಪ್ಪು ಕಲ್ಪನೆಗಳನ್ನು ನೋಡೋಣ.

ತಪ್ಪು ಕಲ್ಪನೆ 1: ಹನ್ನೆರಡನೇ ತರಗತಿ ಮುಗಿದ ಕೂಡಲೇ ಲಾ ಸೇರಬೇಕು, ಇಲ್ಲವೆಂದರೆ 'ಪ್ರೀ-ಲಾ' ಓದಬೇಕು.

ಸತ್ಯ: ಪಿಯುಸಿ ಮುಗಿಸಿ ಐದು ವರ್ಷದ ಕೋರ್ಸಿಗೆ ಸೇರುವ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನ ದಾರಿ ಇಲ್ಲಿಲ್ಲ. ಒಂಟಾರಿಯೊದಲ್ಲಿ ಸಾಮಾನ್ಯವಾಗಿ ಕನಿಷ್ಠ ಮೂರು ವರ್ಷ ಡಿಗ್ರಿ ಓದಿರಬೇಕು. ಸೀಟು ಪಡೆಯುವ ಬಹುಪಾಲು ಮಂದಿ ನಾಲ್ಕು ವರ್ಷ ಮುಗಿಸಿಯೇ ಬಂದಿರುತ್ತಾರೆ. ಆಮೇಲೆ ಮೂರು ವರ್ಷದ ಜೆ.ಡಿ. ಎಂಬ ಕಾನೂನು ಪದವಿ. ಮೊದಲ ಡಿಗ್ರಿಯ ವಿಷಯ ಯಾವುದಾದರೂ ಆದೀತು: ಜೀವಶಾಸ್ತ್ರ, ಸಂಗೀತ, ಎಂಜಿನಿಯರಿಂಗ್. ಇಷ್ಟದ ವಿಷಯ ಓದಿ ಒಳ್ಳೆಯ ಅಂಕ ತೆಗೆದವರಿಗೇ ಅನುಕೂಲ. ಅಂಕ ನೋಡುವ ಕ್ರಮವೂ ಎಲ್ಲ ಕಡೆ ಒಂದೇ ತೆರನಲ್ಲ. ಟೊರೊಂಟೊ ಅತ್ಯುತ್ತಮ ಮೂರು ವರ್ಷಗಳಿಗೆ ಒತ್ತು ಕೊಟ್ಟರೆ, ಕ್ವೀನ್ಸ್ ಅತ್ಯುತ್ತಮ ಎರಡು ವರ್ಷಗಳನ್ನು ಗಮನಿಸುತ್ತದೆ. ಮೊದಲ ವರ್ಷ ಎಡವಿದ ವಿದ್ಯಾರ್ಥಿ ಆಸೆ ಬಿಡಬೇಕಿಲ್ಲ. ಎಂಟಕ್ಕೂ ಅರ್ಜಿ ಹೋಗುವುದು ಓಲ್ಸಾಸ್ ಎಂಬ ಒಂದೇ ಕೇಂದ್ರದ ಮೂಲಕ.

ತಪ್ಪು ಕಲ್ಪನೆ 2: ಆಸ್ಗುಡ್ ಹಾಲ್ ಡೌನ್‌ಟೌನ್‌ನಲ್ಲಿದೆ, ಕ್ಲೈನ್‌ಬರ್ಗ್‌ನಿಂದ ಓಡಾಡುವುದು ಕಷ್ಟ.

ಸತ್ಯ: ಕ್ವೀನ್ ಸ್ಟ್ರೀಟ್‌ನ ಹಳೆಯ ಆಸ್ಗುಡ್ ಹಾಲ್ ಕಟ್ಟಡದಲ್ಲಿ ಈಗ ಇರುವುದು ಒಂಟಾರಿಯೊ ಲಾ ಸೊಸೈಟಿ ಮತ್ತು ಮೇಲ್ಮನವಿ ನ್ಯಾಯಾಲಯ. 1889ರಲ್ಲಿ ಶುರುವಾದ ಆ ಲಾ ಸ್ಕೂಲ್ 1960ರ ದಶಕದ ಕೊನೆಯಲ್ಲೇ ಯಾರ್ಕ್‌ನ ಕೀಲ್ ಕ್ಯಾಂಪಸ್ಸಿಗೆ ಬಂತು. 2017ರ ಡಿಸೆಂಬರ್‌ನಲ್ಲಿ ಸಬ್‌ವೇ ಕ್ಲೈನ್‌ಬರ್ಗ್ ಇರುವ ವಾನ್ ನಗರದವರೆಗೆ ಬಂದಮೇಲೆ ವಾನ್ ಮೆಟ್ರೊಪಾಲಿಟನ್ ಸೆಂಟರ್‌ನಲ್ಲಿ ಹತ್ತಿದರೆ ಮೂರನೆಯ ನಿಲ್ದಾಣವೇ ಯಾರ್ಕ್ ವಿಶ್ವವಿದ್ಯಾಲಯ. ಅದೇ ರೈಲಿನಲ್ಲಿ ಮುಂದೆ ಹೋಗಿ ಮ್ಯೂಸಿಯಂ ನಿಲ್ದಾಣದಲ್ಲಿ ಇಳಿದರೆ ಟೊರೊಂಟೊ ಲಾ ಸ್ಕೂಲ್ ಹತ್ತಿರ. ಲಿಂಕನ್ ಅಲೆಕ್ಸಾಂಡರ್ ಕೂಡ ಅದೇ ಮಾರ್ಗಕ್ಕೆ ಹತ್ತಿರ. ಎಂಟರಲ್ಲಿ ಮೂರಕ್ಕೆ ಮನೆಯಿಂದಲೇ ಓಡಾಡಬಹುದು.

ತಪ್ಪು ಕಲ್ಪನೆ 3: ಫೀಸು ಕಡಿಮೆ ಇರುವ ಕಡೆ ಖರ್ಚೂ ಕಡಿಮೆ.

ಸತ್ಯ: ಟೊರೊಂಟೊ ಲಾ ಸ್ಕೂಲ್‌ನ ವಾರ್ಷಿಕ ಫೀಸು ಸ್ಥಳೀಯ ವಿದ್ಯಾರ್ಥಿಗೂ 33,000 ಡಾಲರ್ ದಾಟುತ್ತದೆ. ಬೇರೆ ಕೆಲವು ಕಡೆ ಸುಮಾರು 20,000. ಮೂರು ವರ್ಷಕ್ಕೆ ವ್ಯತ್ಯಾಸ 39,000 ಡಾಲರ್‌ಗೂ ಹೆಚ್ಚು. ಆದರೆ ಬೇರೆ ಊರಿನಲ್ಲಿ ಬಾಡಿಗೆ, ಊಟ, ಪ್ರಯಾಣ ಸೇರಿ ತಿಂಗಳಿಗೆ 1,200 ಡಾಲರ್ ಆದರೂ, ವರ್ಷಕ್ಕೆ ಎಂಟು ತಿಂಗಳಂತೆ ಮೂರು ವರ್ಷಕ್ಕೆ 28,800. ಮನೆಯಿಂದ ಓಡಾಡುವವರ ಲೆಕ್ಕ ಬೇರೆ, ಹೊರಗೆ ಇರುವವರ ಲೆಕ್ಕ ಬೇರೆ. ವಿದ್ಯಾರ್ಥಿವೇತನ ಮತ್ತು ಅಗತ್ಯ ಆಧರಿಸಿದ ನೆರವನ್ನು ಕಳೆದ ಮೇಲೆ ಕೈಯಿಂದ ಹೋಗುವ ಮೊತ್ತವನ್ನೇ ಹೋಲಿಸಬೇಕು.

ತಪ್ಪು ಕಲ್ಪನೆ 4: ಒಂದೆರಡು ದೊಡ್ಡ ಹೆಸರು ಬಿಟ್ಟರೆ ಉಳಿದವು ಎರಡನೇ ದರ್ಜೆ.

ಸತ್ಯ: ಎಂಟೂ ಲಾ ಸ್ಕೂಲ್‌ಗಳ ಪದವಿಗೆ ಲಾ ಸೊಸೈಟಿಗಳ ಒಕ್ಕೂಟದ ಮಾನ್ಯತೆಯಿದೆ. ಪರವಾನಗಿ ಪರೀಕ್ಷೆ ಎಲ್ಲರಿಗೂ ಒಂದೇ. ವಿಂಡ್ಸರ್‌ನಲ್ಲಿ ಓದಿದವರು ಟೊರೊಂಟೊದಲ್ಲಿ ವಕೀಲಿ ಮಾಡಬಹುದು. ವ್ಯತ್ಯಾಸವಿರುವುದು ತರಬೇತಿಯಲ್ಲಿ. ಆಸ್ಗುಡ್ ವಿದ್ಯಾರ್ಥಿಗಳು 1971ರಿಂದ ಪಾರ್ಕ್‌ಡೇಲ್ ಕಾನೂನು ನೆರವು ಕ್ಲಿನಿಕ್‌ನಲ್ಲಿ ಕೆಲಸ ಕಲಿಯುತ್ತಿದ್ದಾರೆ. ಮನೆ ಖಾಲಿ ಮಾಡುವ ನೋಟಿಸು ಹಿಡಿದು ಬಂದ ಬಾಡಿಗೆದಾರರ ಎದುರು ಕೂತು, ತಾರೀಖು, ರಸೀದಿ, ಪತ್ರ ಒಂದೊಂದನ್ನೂ ಪರಿಶೀಲಿಸಿ, ಅನುಭವಿ ವಕೀಲರ ಮೇಲ್ವಿಚಾರಣೆಯಲ್ಲಿ ಪ್ರಕರಣ ಕಟ್ಟುತ್ತಾರೆ. 2013ರಲ್ಲಿ ತೆರೆದ ಲೇಕ್‌ಹೆಡ್ ಮೂಲನಿವಾಸಿ ಕಾನೂನಿಗೂ ಸಣ್ಣ ಊರುಗಳ ವಕೀಲಿಗೂ ಒತ್ತು ಕೊಡುತ್ತದೆ. ಒಟ್ಟಾವದಲ್ಲಿ ಕಾಮನ್ ಲಾ ಇಂಗ್ಲಿಷ್‌ನಲ್ಲೂ ಫ್ರೆಂಚ್‌ನಲ್ಲೂ ಕಲಿಯಲು ಸಿಗುತ್ತದೆ. ಗಡಿಯಾಚೆಯ ಡೆಟ್ರಾಯಿಟ್‌ನ ವಿಶ್ವವಿದ್ಯಾಲಯವೊಂದರ ಜೊತೆ ಸೇರಿ ವಿಂಡ್ಸರ್ ಕೆನಡಾ–ಅಮೆರಿಕ ಜೋಡಿ ಪದವಿ ಕೊಡುತ್ತದೆ. ಟೊರೊಂಟೊದ ಬೇ ಸ್ಟ್ರೀಟ್‌ನ ದೊಡ್ಡ ವಕೀಲಿ ಸಂಸ್ಥೆಗಳೇ ಗುರಿಯಾದರೆ ಆಯಾ ಸ್ಕೂಲ್‌ನ ನೇಮಕಾತಿ ಅಂಕಿಅಂಶ ಕೇಳಿ ಪಡೆಯಿರಿ.

ತಪ್ಪು ಕಲ್ಪನೆ 5: ಪದವಿ ಸಿಕ್ಕಿತೆಂದರೆ ವಕೀಲರು, ಭಾರತದ ಎಲ್‌ಎಲ್‌ಬಿಗೆ ಇಲ್ಲಿ ಕಿಮ್ಮತ್ತಿಲ್ಲ.

ಸತ್ಯ: ಎರಡೂ ತಪ್ಪು. ಪದವಿಯ ನಂತರ ಪರವಾನಗಿ ಪರೀಕ್ಷೆ ಬರೆಯಬೇಕು, ಸಾಮಾನ್ಯವಾಗಿ ಆರ್ಟಿಕ್ಲಿಂಗ್ ಎಂಬ ಕೆಲಸದ ತರಬೇತಿಯನ್ನೂ ಮುಗಿಸಬೇಕು. ಆರ್ಟಿಕ್ಲಿಂಗ್ ಜಾಗ ಹುಡುಕುವುದೇ ಅನೇಕರಿಗೆ ದೊಡ್ಡ ಪರದಾಟ. ಲೇಕ್‌ಹೆಡ್ ಮತ್ತು ಲಿಂಕನ್ ಅಲೆಕ್ಸಾಂಡರ್ ಆ ತರಬೇತಿಯನ್ನು ಮೂರು ವರ್ಷದ ಪಾಠದೊಳಗೇ ಸೇರಿಸಿರುವುದರಿಂದ ಅಲ್ಲಿ ಓದಿದವರಿಗೆ ಬೇರೆ ಆರ್ಟಿಕ್ಲಿಂಗ್ ಬೇಕಿಲ್ಲ. ಇದು ಸಣ್ಣ ಅನುಕೂಲವಲ್ಲ.

ಇನ್ನು ಬೆಂಗಳೂರು, ಮೈಸೂರು, ಧಾರವಾಡದಲ್ಲಿ ಕಾನೂನು ಓದಿ ಬಂದವರು ತಮ್ಮ ಪದವಿಯನ್ನು ಎನ್‌ಸಿಎ ಎಂಬ ರಾಷ್ಟ್ರೀಯ ಮಾನ್ಯತಾ ಸಮಿತಿಯ ಮೌಲ್ಯಮಾಪನಕ್ಕೆ ಕಳಿಸಬಹುದು. ಸಂವಿಧಾನ, ಆಡಳಿತ ಕಾನೂನು, ಕ್ರಿಮಿನಲ್ ಕಾನೂನು ಮೊದಲಾದ ಕೆನಡಾದ ವಿಷಯಗಳಲ್ಲಿ ಅದು ಸೂಚಿಸಿದ ಪರೀಕ್ಷೆ ಪಾಸಾದರೆ ಪರವಾನಗಿಯ ದಾರಿ ತೆರೆಯುತ್ತದೆ. ಮತ್ತೆ ಮೂರು ವರ್ಷ ಜೆ.ಡಿ. ಓದಲೇಬೇಕೆಂಬ ನಿಯಮವಿಲ್ಲ. ಆದರೆ ಅಂಚೆ ಶಿಕ್ಷಣದ ಪದವಿಗೆ ತೊಡಕಿದೆ. ನಿಯಮ ಮೊದಲೇ ಓದಿಕೊಳ್ಳಿ.

ಕ್ಲೈನ್‌ಬರ್ಗ್‌ನ ತಂದೆತಾಯಿಯರಲ್ಲಿ ಒಂದು ವಿನಂತಿ: ಸ್ಕೂಲ್‌ನ ಹೆಸರು ನೋಡುವ ಮೊದಲು ಮಕ್ಕಳೊಂದಿಗೆ ಕೂತು ಮಾತಾಡಿ. ಎಂಥ ವಕೀಲಿ ಬೇಕು, ಎಷ್ಟು ಸಾಲ ಹೊರಬಲ್ಲೆವು, ಆರ್ಟಿಕ್ಲಿಂಗ್ ಹೇಗೆ ಎಂಬ ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡು ಅರ್ಜಿ ಹಾಕಿ. ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್ ಆರಂಭದಲ್ಲೇ ಬರುತ್ತದೆ. ಬೇಸಿಗೆಯಲ್ಲೇ ತಯಾರಿ ಶುರುವಾಗಲಿ.