ಬೀಜದಿಂದ ಲಿಲಿ

ನಮ್ಮ ತೋಟಗಳಲ್ಲಿ ಲಿಲಿಯೆಂದು ಕರೆಸಿಕೊಳ್ಳುವ ಹೂಗಳಲ್ಲಿ ಅನೇಕವು ನಿಜವಾದ ಲಿಲಿಗಳಲ್ಲ. ಮಳೆ ಬಿದ್ದೊಡನೆ ಅರಳುವ ಮಳೆಲಿಲಿ ಬೇರೊಂದು ಕುಟುಂಬಕ್ಕೆ ಸೇರಿದುದು. ನಿಜವಾದ ಲಿಲಿಯ ಗೆಡ್ಡೆಗೆ ಈರುಳ್ಳಿಯಂತೆ ಹೊರಸಿಪ್ಪೆಯಿಲ್ಲ. ಅದು ದಪ್ಪ ಎಸಳುಗಳ ಗೊಂಚಲು. ಇಂತಹ ಒಂದು ಎಸಳನ್ನು ಬಿಡಿಸಿ ನೆಟ್ಟರೂ ಅದರ ಬುಡದಲ್ಲಿ ಮರಿಗೆಡ್ಡೆಗಳು ಹುಟ್ಟುವುವು. ಹೀಗಿರುವಾಗ ಬೀಜ ಬಿತ್ತುವ ಶ್ರಮವೇಕೆಂದು ವಾಚಕರು ಕೇಳಬಹುದು.

ತಾಯಿಗಿಡಕ್ಕೆ ವೈರಸ್ ರೋಗ ತಗಲಿದ್ದರೆ ಅದು ಮರಿಗೆಡ್ಡೆಗೂ ಸಾಗುತ್ತದೆ. ಬೀಜದ ಮೂಲಕ ಸಾಮಾನ್ಯವಾಗಿ ಸಾಗುವುದಿಲ್ಲ. ಅಲ್ಲದೆ ಮರಿಗೆಡ್ಡೆ ತಾಯಿಯ ಪ್ರತಿರೂಪ ಮಾತ್ರ. ಹೊಸ ಲಿಲಿಯೊಂದು ಬೇಕಾದರೆ ಎರಡು ಗಿಡಗಳನ್ನು ಕೂಡಿಸಿ ಬೀಜ ಪಡೆಯಲೇಬೇಕು.

ತೈವಾನಿನ ಲಿಲಿಯಂ ಫಾರ್ಮೋಸಾನಮ್ ಬಿತ್ತಿದ ವರ್ಷದೊಳಗೇ ಹೂಬಿಡಬಲ್ಲುದು. ಅದರ ಬಿಳಿಯ ದಳಗಳ ಹೊರಮೈಯಲ್ಲಿ ನಸುಗೆಂಪು ಛಾಯೆಯುಂಟು. ಜಪಾನಿನ ದಕ್ಷಿಣ ದ್ವೀಪಗಳ ಲಿಲಿಯಂ ಲಾಂಗಿಫ್ಲೋರಮ್ ಅಚ್ಚ ಬಿಳುಪು, ಆದರೆ ನಿಧಾನಿ. ಮೇಲಾಗಿ ತನ್ನದೇ ಪರಾಗವನ್ನು ಒಲ್ಲದು. ಪರಾಗದಿಂದ ಹೊರಟ ನಳಿಕೆ ಶಲಾಕೆಯ ನಡುದಾರಿಯಲ್ಲೇ ನಿಂತುಬಿಡುತ್ತದೆ. ಶಲಾಕೆಯನ್ನು ಸುಮಾರು 50 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಕೆಲವು ನಿಮಿಷ ಅದ್ದಿದರೆ ಈ ತಡೆ ಮುರಿಯುವುದೆಂದು 1967ರಲ್ಲಿ ಪ್ರಕಟವಾಯಿತು. ಭೌತಶಾಸ್ತ್ರ ಬೋಧಿಸುವ ನನಗೆ ಇದಕ್ಕಿಂತ ರುಚಿಕರವಾದ ಉಷ್ಣಪ್ರಯೋಗ ಬೇರೆ ಕಾಣದು!

ಈ ಎರಡನ್ನು ಕೂಡಿಸುವ ಕೆಲಸಕ್ಕೆ ಒಂದು ಚಿಮುಟ ಸಾಕು. ಫಾರ್ಮೋಸಾನಮ್ ತಾಯಿಯಾಗಿರಲಿ. ಅದು ಸ್ವಪರಾಗವನ್ನು ಸ್ವೀಕರಿಸುವುದರಿಂದ, ಮೊಗ್ಗು ಬಿರಿಯುವ ಮುನ್ನವೇ ದಳಗಳನ್ನು ಸರಿಸಿ 6 ಪರಾಗಕೋಶಗಳನ್ನೂ ಕಿತ್ತುಹಾಕಬೇಕು. ಶಲಾಕಾಗ್ರ ಅಂಟಂಟಾದಾಗ ಇನ್ನೊಂದರ ಪರಾಗವನ್ನು ಸವರಿ, ಕೀಟಗಳು ಮುಟ್ಟದಂತೆ ತೆಳುವಾದ ಲೋಹದ ಹಾಳೆಯ ಟೊಪ್ಪಿಗೆ ತೊಡಿಸಿ, ತಂದೆತಾಯಿಗಳ ಹೆಸರನ್ನೂ ದಿನಾಂಕವನ್ನೂ ಬರೆದ ಚೀಟಿ ಕಟ್ಟಿರಿ. ಚೀಟಿಯಿಲ್ಲದ ಕಾಯಿಯಿಂದ ಏನನ್ನೂ ಕಲಿಯಲಾಗದು.

ಕಾಯಿ ಕಂದುಬಣ್ಣಕ್ಕೆ ತಿರುಗಿ ತುದಿಯಲ್ಲಿ ಬಿರಿಯತೊಡಗಿದಾಗ ಬಿಡಿಸಿರಿ. ಒಳಗೆ ಕಾಗದದಂತಹ ಚಪ್ಪಟೆ ಬೀಜಗಳು ನಾಣ್ಯಗಳ ಹಾಗೆ ಒಂದರ ಮೇಲೊಂದು ಒಟ್ಟಿರುತ್ತವೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿರಿ. ನಡುವೆ ಸಣ್ಣ ಗೆರೆ ಕಂಡರೆ ಅದೇ ಭ್ರೂಣ. ಗೆರೆಯಿಲ್ಲದವು ಜೊಳ್ಳು. ಗಟ್ಟಿಬೀಜಗಳನ್ನು ನೀರು ನಿಲ್ಲದ ಹಗುರ ಮಣ್ಣಿನಲ್ಲಿ ತೆಳುವಾಗಿ ಮುಚ್ಚಿದರೆ ಕೆಲವೇ ವಾರಗಳಲ್ಲಿ ಹುಲ್ಲಿನಂತಹ ಎಲೆ ಮೇಲೇಳುವುದು. ಎಲ್ಲ ಲಿಲಿಗಳೂ ಹೀಗಲ್ಲ. ಜಪಾನಿನ ಲಿಲಿಯಂ ಔರಾಟಮ್ ಮೊದಲು ಬೆಚ್ಚನೆಯ ತಿಂಗಳುಗಳಲ್ಲಿ ನೆಲದೊಳಗೇ ಪುಟ್ಟ ಗೆಡ್ಡೆಯಾಗಿ, ಚಳಿ ಕಳೆದ ಮೇಲಷ್ಟೇ ಎಲೆ ತೋರುತ್ತದೆ. ಅದು ತಿಳಿಯದೆ ಮಣ್ಣನ್ನು ಚೆಲ್ಲಿದವರಲ್ಲಿ ನಾನೂ ಒಬ್ಬ. ಚೆಲ್ಲಿದ ಮಣ್ಣಿನಲ್ಲಿ ಗೋಧಿಕಾಳಿನಷ್ಟು ಗೆಡ್ಡೆಗಳು ಬಿಳಿಯಾಗಿ ಕಂಡಾಗ ತಡವಾಗಿತ್ತು.

ಜಪಾನಿನಲ್ಲಿ ಫಾರ್ಮೋಸಾನಮ್, ಲಾಂಗಿಫ್ಲೋರಮ್‌ಗಳ ಸಂಕರದಿಂದ ಹುಟ್ಟಿದ ಲಿಲಿಗೆ ಷಿನ್ ತೆಪ್ಪೋ ಯುರಿ ಎಂದು ಹೆಸರು. ಒಂದರ ಬಿಳುಪು, ಇನ್ನೊಂದರ ಶೀಘ್ರತೆ ಎರಡೂ ಅದರಲ್ಲಿವೆ. ಹೂ ವ್ಯಾಪಾರಕ್ಕಾಗಿ ಅದನ್ನು ಬೀಜದಿಂದಲೇ ಬೆಳೆಸುತ್ತಾರೆ. ಮನೆಯ ಸಂಕರದಲ್ಲಿಯೂ ಮೊದಲ ಪೀಳಿಗೆಯನ್ನು ಕಂಡು ನಿರಾಶರಾಗಬಾರದು. ಅವುಗಳನ್ನು ತಮ್ಮತಮ್ಮಲ್ಲಿ ಕೂಡಿಸಿ ಬಿತ್ತಿದಾಗಲೇ ಗುಣಗಳು ಬೇರ್ಪಟ್ಟು, ಆಯ್ಕೆಗೆ ಅವಕಾಶ ದೊರೆಯುವುದು. ಬೇಡವಾದ ಕಾಯಿಗಳನ್ನು ಮಾತ್ರ ಬಿರಿಯುವ ಮೊದಲೇ ಕತ್ತರಿಸತಕ್ಕದ್ದು. ತೈವಾನಿನ ಈ ಲಿಲಿ ಗಾಳಿಗೆ ಬೀಜ ತೂರಿ ದಕ್ಷಿಣ ಆಫ್ರಿಕದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಕಳೆಯಾಗಿ ಹಬ್ಬಿದೆ.